ವಿಕ್ರಮ್ ಸೇಠ್ ಮೂರು ಕಾದಂಬರಿಗಳಲ್ಲಿ ಇಟ್ಟುಹೋದ ಹದಿನಾಲ್ಕು ಸಾಲು

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಕೆಲವು ವಾರಗಳಿಂದ ನನ್ನ ಬೆನ್ನು ಬಿಟ್ಟಿಲ್ಲ: ‘ಎ ಸೂಟಬಲ್ ಬಾಯ್’ ಎಂಬ 1,349 ಪುಟಗಳ ಗದ್ಯವನ್ನು ಬರೆದ ವಿಕ್ರಮ್ ಸೇಠ್ ಅವರನ್ನು ಕವಿಯೆಂದೂ ಕರೆಯುವುದು ಬರಿಯ ಮರ್ಯಾದೆಯ ಮಾತೇ? ಉತ್ತರ ಹುಡುಕಲು ಅವರ ಕಾದಂಬರಿಗಳನ್ನು ಮತ್ತೆ ತೆರೆದೆ. ಕಥೆ ಆರಂಭವಾಗುವ ಮುನ್ನ ನಾವೆಲ್ಲ ಅವಸರದಲ್ಲಿ ಮಗುಚಿಬಿಡುವ ಪುಟಗಳಲ್ಲೇ ಆ ಉತ್ತರ ಕುಳಿತಿತ್ತು.

ಪರಿಚಯವನ್ನು ಬೇಗ ಮುಗಿಸುತ್ತೇನೆ. 1952ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಸೇಠ್, ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೇರಿದರು. ಸಂಶೋಧನೆಗೆಂದು ಚೀನಾದ ನಾನ್‌ಜಿಂಗ್‌ಗೆ ಹೋಗಿದ್ದಾಗ ಟಿಬೆಟ್ ಮಾರ್ಗವಾಗಿ ಭಾರತಕ್ಕೆ ಬಂದ ಪ್ರಯಾಣದಿಂದ ‘ಫ್ರಮ್ ಹೆವನ್ ಲೇಕ್’ ಎಂಬ ಪ್ರವಾಸಕಥನ 1983ರಲ್ಲಿ ಹೊರಬಂದಿತು. ಪಿಎಚ್‌ಡಿ ಮಾತ್ರ ಹೊರಬರಲೇ ಇಲ್ಲ. ಇದರಿಂದ ಅರ್ಥಶಾಸ್ತ್ರಕ್ಕಾದ ನಷ್ಟವನ್ನು ಅರ್ಥಶಾಸ್ತ್ರಜ್ಞರೇ ಲೆಕ್ಕ ಹಾಕಲಿ.

ರಷ್ಯದ ಕವಿ ಪುಷ್ಕಿನ್ ಬರೆದ ‘ಯೆವ್ಗೆನಿ ಒನೇಗಿನ್’ ಎಂಬ ಪದ್ಯಕಾದಂಬರಿಯನ್ನು ಚಾರ್ಲ್ಸ್ ಜಾನ್‌ಸ್ಟನ್ ಅವರ ಇಂಗ್ಲಿಷ್ ಅನುವಾದದಲ್ಲಿ ಓದಿ ಮರುಳಾದ ಸೇಠ್, ಅದೇ ಬಂಧದಲ್ಲಿ 1986ರಲ್ಲಿ ‘ದ ಗೋಲ್ಡನ್ ಗೇಟ್’ ಬರೆದರು. ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ತರುಣ ತರುಣಿಯರ ಪ್ರೇಮ, ಮುನಿಸು, ಅಣ್ವಸ್ತ್ರ ವಿರೋಧಿ ಪ್ರತಿಭಟನೆ, ಜೊತೆಗೆ ಒಡತಿಯ ಪ್ರಿಯಕರನನ್ನು ಸಹಿಸದ ಒಂದು ಬೆಕ್ಕು, ಇವೆಲ್ಲವೂ 590 ಸುನೀತಗಳಲ್ಲಿ, ಅಂದರೆ ಹದಿನಾಲ್ಕು ಸಾಲಿನ ಪದ್ಯಗಳಲ್ಲಿ, ಬರುತ್ತವೆ. ಕೃತಜ್ಞತೆ, ಅರ್ಪಣೆ, ಪರಿವಿಡಿ, ಕೊನೆಗೆ ಲೇಖಕರ ಪರಿಚಯ ಕೂಡ ಸುನೀತವೇ.

ಆ ಬಂಧವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಈ ವಿಡಿಯೋ ಮಾಡಿದ್ದೇ ಅದಕ್ಕಾಗಿ. ಒಂದು ನುಡಿಗೆ, ಅಂದರೆ ಒಂದು ಪದ್ಯಕ್ಕೆ, ಹದಿನಾಲ್ಕು ಸಾಲು. ಮೊದಲ ನಾಲ್ಕರಲ್ಲಿ ಒಂದು ಬಿಟ್ಟು ಒಂದು ಸಾಲಿಗೆ ಪ್ರಾಸ. ಮುಂದಿನ ನಾಲ್ಕರಲ್ಲಿ ಜೋಡಿ ಜೋಡಿಯಾಗಿ ಪ್ರಾಸ. ಆಮೇಲಿನ ನಾಲ್ಕರಲ್ಲಿ ಹೊರಗಿನ ಎರಡು ಸಾಲುಗಳು ಒಳಗಿನ ಜೋಡಿಯನ್ನು ತಬ್ಬಿಕೊಳ್ಳುತ್ತವೆ. ಕೊನೆಗೆ ಒಂದು ದ್ವಿಪದಿ ಬಂದು ಚಿಲಕ ಹಾಕುತ್ತದೆ. ಇದನ್ನು ಕೇಳಿದ ಕೂಡಲೇ ನನಗೆ ನೆನಪಾಗುವುದು ನಮ್ಮ ಭಾಮಿನಿ ಷಟ್ಪದಿ. ಅಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ನಡೆದು, ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದಕ್ಕೆ ಚಾಚಿ ಗುರುವಿನ ಮೇಲೆ ನಿಲ್ಲುತ್ತವೆ. ನಮ್ಮ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ, ಅವರದು ಸಾಲಿನ ತುದಿಯಲ್ಲಿ; ಆದರೆ ಕುಮಾರವ್ಯಾಸನ ಭಾಮಿನಿ ಯುದ್ಧ, ಜಗಳ, ನಗೆ, ಭಕ್ತಿ ಎಲ್ಲವನ್ನೂ ಹೊತ್ತು ಓಡುವಂತೆ ಸೇಠರ ಸುನೀತವೂ ಹರಟೆ, ವಿರಹ, ರಾಜಕೀಯ ಭಾಷಣಗಳನ್ನು ಏದುಸಿರಿಲ್ಲದೆ ಹೊರುತ್ತದೆ. ಹತ್ತು ನುಡಿ ದಾಟುವಷ್ಟರಲ್ಲಿ ಪ್ರಾಸವನ್ನು ಎಣಿಸುವುದು ತಾನಾಗಿ ನಿಂತು, ಈ ಪ್ರೇಮ ಉಳಿದೀತೇ ಎಂಬ ಚಿಂತೆ ಹಿಡಿಯುತ್ತದೆ. ಪದ್ಯದಲ್ಲಿ ಕಾದಂಬರಿಯೇ ಎಂದು ಮುಖ ಸಪ್ಪಗೆ ಮಾಡಿಕೊಂಡ ಸಂಪಾದಕರೊಬ್ಬರ ಪ್ರಸಂಗವನ್ನೂ ಸೇಠ್ ಐದನೆಯ ಅಧ್ಯಾಯದ ಆರಂಭದಲ್ಲಿ ಸುನೀತವಾಗಿಸಿದ್ದಾರೆ. ಪುಸ್ತಕಕ್ಕೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

1993ರ ‘ಎ ಸೂಟಬಲ್ ಬಾಯ್’ಗೆ ಬರೋಣ. 1951–52ರ ಭಾರತ, ಮೊದಲ ಸಾರ್ವತ್ರಿಕ ಚುನಾವಣೆ, ಜಮೀನ್ದಾರಿ ರದ್ದತಿ, ಇವುಗಳ ನಡುವೆ ಲತಾ ಎಂಬ ಮಗಳಿಗೆ ತಕ್ಕ ವರನನ್ನು ಹುಡುಕುವ ರೂಪಾ ಮೆಹ್ರಾ ಎಂಬ ತಾಯಿ. ಇದು ಗದ್ಯವೆಂಬುದು ನಿಜ, ಆದರೆ ಪರಿವಿಡಿಯನ್ನು ನೋಡಿ: ಹತ್ತೊಂಬತ್ತು ಭಾಗಗಳಿಗೆ ಹತ್ತೊಂಬತ್ತು ದ್ವಿಪದಿಗಳು. ಕಲ್ಕತ್ತೆಯ ಚಟರ್ಜಿ ಮನೆತನದ ಕಾಕೋಲಿ ಮಾತುಮಾತಿಗೆ ದ್ವಿಪದಿ ಹೊಸೆಯುತ್ತಾಳೆ. ಆರಂಭದ ಕೃತಜ್ಞತೆಯ ಪುಟದಲ್ಲಿ ಹದಿನಾಲ್ಕು ಸಾಲಿನ ಪದ್ಯವಿದೆ; ಪ್ರಾಸಗಳನ್ನು ಗುರುತು ಹಾಕಿಕೊಂಡು ನೋಡಿದರೆ, ಅದೇ ಪುಷ್ಕಿನ್ ಬಂಧ! ವಿವೇಕ ಅಡ್ಡಬರುವ ಮುನ್ನ ಕೊಂಡುಬಿಡಿ, ಜೇಬಿಗೂ ಮಣಿಕಟ್ಟಿಗೂ ನೋವಾದೀತು ಎಂದು ಅದರ ಕೊನೆಯ ದ್ವಿಪದಿ ಗ್ರಾಹಕರನ್ನು ಎಚ್ಚರಿಸುತ್ತದೆ. ನನ್ನ ಮಣಿಕಟ್ಟು ಇದಕ್ಕೆ ಸಾಕ್ಷಿ ಹೇಳಬಲ್ಲದು.

1999ರ ‘ಆ್ಯನ್ ಈಕ್ವಲ್ ಮ್ಯೂಸಿಕ್’ ಲಂಡನ್ನಿನ ವಯೊಲಿನ್ ವಾದಕನೊಬ್ಬನ ಮತ್ತು ಕಿವಿ ಕೇಳದಾಗುತ್ತಿರುವ ಪಿಯಾನೋ ವಾದಕಿಯ ಪ್ರೇಮಕಥೆ. ಇದರ ಅರ್ಪಣೆಯ ಪುಟದಲ್ಲೂ ಅದೇ ಬಂಧದ ಹದಿನಾಲ್ಕು ಸಾಲುಗಳಿವೆ, ಮೇಲಾಗಿ ಒಂದು ಚಿತ್ರಕವಿತ್ವವೂ ಇದೆ. ಸಾಲುಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿದರೆ ಫಿಲಿಪ್ ಒನೊರೆ ಎಂಬ ವಯೊಲಿನ್ ವಾದಕರ ಹೆಸರು ಮೂಡುತ್ತದೆ. ರೋಮನ್ ಲಿಪಿಯಲ್ಲಿ ಆ ಹೆಸರಿಗೆ ಸರಿಯಾಗಿ ಹದಿನಾಲ್ಕು ಅಕ್ಷರ. ಇದನ್ನು ಎಣಿಸಿ ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ನಗಬೇಡಿ.

ಸಮಯ ಮೀರುತ್ತಿದೆಯಾದ್ದರಿಂದ ಉಳಿದುದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ‘ಮ್ಯಾಪಿಂಗ್ಸ್’ನಿಂದ 2015ರ ‘ಸಮ್ಮರ್ ರೆಕ್ವಿಯಮ್’ವರೆಗಿನ ಕವನ ಸಂಕಲನಗಳು, ವಾಂಗ್ ವೇ, ಲಿ ಬೋ, ಡು ಫು ಅವರ ಚೀನೀ ಕವಿತೆಗಳ ಅನುವಾದ, ಯುದ್ಧದಲ್ಲಿ ಬಲಗೈ ಕಳೆದುಕೊಂಡ ದಂತವೈದ್ಯ, ಅಜ್ಜನ ಸಹೋದರ ಶಾಂತಿ ಮತ್ತು ಅವರ ಜರ್ಮನ್ ಯಹೂದಿ ಪತ್ನಿ ಹೆನ್ನಿಯ ಬಾಳನ್ನು ಹೇಳುವ 2005ರ ‘ಟೂ ಲೈವ್ಸ್’, 2024ರಲ್ಲಿ ಬಂದ ಹನುಮಾನ್ ಚಾಲೀಸಾದ ಇಂಗ್ಲಿಷ್ ಅನುವಾದ: ಒಂದೊಂದಕ್ಕೂ ಬೇರೆ ವಿಡಿಯೋ ಬೇಕು. ‘ಟೂ ಲೈವ್ಸ್’ಗೆ ಖಂಡಿತ ಮಾಡುತ್ತೇನೆ.

‘ಎ ಸೂಟಬಲ್ ಗರ್ಲ್’ ಎಂಬ ಮುಂದಿನ ಭಾಗ ಘೋಷಣೆಯಾಗಿ ಹತ್ತು ವರ್ಷಗಳ ಮೇಲಾಯಿತು. ವರ ಸಿಕ್ಕರೂ ಕನ್ಯೆ ಇನ್ನೂ ಸಿಕ್ಕಿಲ್ಲ. ಆ ಪುಸ್ತಕ ಕೈಗೆ ಬಂದ ದಿನ ನಾನು ಮೊದಲು ಕೃತಜ್ಞತೆಯ ಪುಟ ತೆರೆದು ಸಾಲುಗಳನ್ನು ಎಣಿಸುತ್ತೇನೆ.