ಅಂಗಡಿ ಒಂದು ವಾರ್ಡಿನಲ್ಲಿ, ವೋಟು ಇನ್ನೊಂದು ವಾರ್ಡಿನಲ್ಲಿ

ಎಲ್ಲರಿಗೂ ನಮಸ್ಕಾರ. ವ್ಯಾಪಾರದ ಹೊತ್ತಲ್ಲಿ ಬಾಗಿಲು ಹಾಕಿಕೊಂಡು ಬಂದಿದ್ದೀರಿ, ಜಾಸ್ತಿ ಹೊತ್ತು ಕೂರಿಸುವುದಿಲ್ಲ.

ದೇಶದ ಚುನಾವಣೆ ಬಂದರೆ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಕೂತು ತಿಂಗಳುಗಟ್ಟಲೆ ವಾದ ಮಾಡುತ್ತೇವೆ. ವಾರ್ಡ್ ಚುನಾವಣೆ ಬಂದರೆ "ಓ, ಅದಾ" ಅಂದು ಸುಮ್ಮನಾಗುತ್ತೇವೆ. ಈಗ ನೀವೇ ಯೋಚಿಸಿ, ಹೋದ ವರ್ಷ ನಿಮ್ಮ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿದ್ದು ಏನು? ಸಾಲದ ಬಡ್ಡಿ ಇರಬಹುದು, ಸರಿ, ಅದು ಮೇಲಿನವರ ಕೈಯಲ್ಲಿದೆ. ಆದರೆ ಚರಂಡಿ ಕೆಲಸ ಅಂತ ಅಗೆದು, ತಿಂಗಳಾನುಗಟ್ಟಲೆ ಹಾಗೇ ಬಿಟ್ಟ ಗುಂಡಿ? ಬೆಳಗಾಗುವಷ್ಟರಲ್ಲಿ ಬದಲಾದ ಪಾರ್ಕಿಂಗ್ ಬೋರ್ಡು? ಎತ್ತದ ಕಸ, ಉರಿಯದ ಬೀದಿದೀಪ, ಮುಂದಕ್ಕೇ ಹೋಗದ ಲೈಸೆನ್ಸ್ ಕಡತ? ಬಹುತೇಕ ದೇಶಗಳಲ್ಲಿ ಇದೆಲ್ಲ ಊರಿನ ಆಡಳಿತದ ಮೇಜಿನ ಮೇಲೇ ತೀರ್ಮಾನವಾಗುತ್ತದೆ.

ಹತ್ತಾರು ಶಾಖೆ ಇರುವ ಕಂಪನಿಗೆ ಒಂದು ರಸ್ತೆ ಮುಚ್ಚಿದರೆ ಒಂದು ಶಾಖೆಯ ಲೆಕ್ಕ ಏರುಪೇರಾಗುತ್ತದೆ, ಅಷ್ಟೇ. ನಿಮಗೆ ಇರುವುದು ಅದೊಂದೇ ರಸ್ತೆ, ಅದೊಂದೇ ಬಾಗಿಲು, ಮತ್ತು ರಸ್ತೆ ತೆರೆದಿರಲಿ ಮುಚ್ಚಿರಲಿ ಒಂದನೇ ತಾರೀಕು ಕೊಡಲೇಬೇಕಾದ ಬಾಡಿಗೆ. ಅವರಲ್ಲಿ ನೋಟಿಸ್ ಓದೋಕೆ ಅಂತಲೇ ಸಂಬಳದ ಜನ ಇರುತ್ತಾರೆ. ನೀವು ಗಿರಾಕಿಗೆ ಚಿಲ್ಲರೆ ಎಣಿಸುತ್ತಾ ನೋಟಿಸ್ ಓದುತ್ತೀರಿ. ನಾವು ಪಾಲಿಕೆ ಕಚೇರಿಯ ಮೆಟ್ಟಿಲು ಹತ್ತುವುದೇ ನೋಟಿಸ್ ಬಂದ ಮೇಲೆ, ಅದು ನಮ್ಮ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ.

ಮತದಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2006ರ ನವೆಂಬರ್‌ನಲ್ಲಿ ಊರಿನವರೇ ಮತ ಹಾಕಿ ಒಂದು ನಿಯಮ ತಂದರು. ಬಡಾವಣೆಗಳ ವ್ಯಾಪಾರದ ಬೀದಿಗಳಿಗೆ ಸರಣಿ ಮಳಿಗೆ, ಅಂದರೆ ಒಂದೇ ಹೆಸರಿನಲ್ಲಿ ಹಲವು ಕಡೆ ಶಾಖೆ ಇರುವ ಅಂಗಡಿ, ಬರಬೇಕಾದರೆ ಮೊದಲು ಸಾರ್ವಜನಿಕ ವಿಚಾರಣೆ ನಡೆದು ವಿಶೇಷ ಅನುಮತಿ ಸಿಗಬೇಕು. ನಿಷೇಧ ಅಲ್ಲ, ನೆನಪಿರಲಿ. ಸುತ್ತಮುತ್ತಲಿನವರನ್ನು ಕೇಳದೆ ಬರುವ ಹಾಗಿಲ್ಲ ಅಂತ ಮಾತ್ರ.

ಹಾಗಂತ ವ್ಯಾಪಾರಿಗಳು ಹೇಳಿದ್ದೆಲ್ಲ ಸರಿ ಅಂತಲೂ ಇಲ್ಲ. ಅಂಗಡಿ ಮುಂದೆ ಕಾರು ನಿಲ್ಲದಿದ್ದರೆ ಮುಳುಗಿದೆವು ಅನ್ನುತ್ತೇವಲ್ವಾ? ಸ್ಪೇನಿನ ಪೊಂಟೆವೆದ್ರಾ ಅನ್ನುವ ಊರಿನಲ್ಲಿ 1999ರಲ್ಲಿ ಬಂದ ಮೇಯರ್ ಊರ ನಡುವಿನ ಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. 2023ರವರೆಗೆ ನಡೆದ ಎಲ್ಲ ಚುನಾವಣೆಗಳ ನಂತರವೂ ಅವರೇ ಮೇಯರ್.

ಈಗ ನನಗೆ ನಿಜವಾಗಿ ತಲೆಕೆಡಿಸುವ ವಿಷಯಕ್ಕೆ ಬರುತ್ತೇನೆ. ಮನೆ ಒಂದು ವಾರ್ಡಿನಲ್ಲಿ, ಅಂಗಡಿ ಇನ್ನೊಂದರಲ್ಲಿ ಇರುವವರು ಇಲ್ಲಿ ಎಷ್ಟು ಜನ? ನೋಡಿ, ಎಷ್ಟೊಂದು ಕೈ! ದಿನದ ಹನ್ನೆರಡು ಗಂಟೆ ನೀವು ಕಳೆಯುವ ಜಾಗದಲ್ಲಿ ನಿಮಗೆ ಮತವೇ ಇಲ್ಲ. ಇದಕ್ಕೆ ಕೆಲವು ಕಡೆ ಬೇರೆ ದಾರಿ ಹಿಡಿದಿದ್ದಾರೆ. ಮೆಲ್ಬರ್ನ್ ನಗರಸಭೆಯ ಚುನಾವಣೆಯಲ್ಲಿ ಕಂಪನಿಗಳ ಪರವಾಗಿ ಇಬ್ಬರು ಮತ ಹಾಕುತ್ತಾರೆ. ಬ್ರಿಟನ್ನಿನಲ್ಲಿ ವ್ಯಾಪಾರದ ಹೆಸರಿನ ಮತವನ್ನು 1969ರಲ್ಲಿ ತೆಗೆದುಹಾಕಿದರು, ಆದರೆ ಲಂಡನ್ನಿನ ಹಳೆಯ ವಾಣಿಜ್ಯ ಭಾಗವಾದ 'ಸಿಟಿ'ಯಲ್ಲಿ ಅದು ಉಳಿದುಕೊಂಡಿದೆ. ಅಲ್ಲಿ ಕೆಲಸಗಾರರು ಜಾಸ್ತಿ ಇದ್ದಷ್ಟೂ ಮತ ಜಾಸ್ತಿ, ಅಂದರೆ ಅಲ್ಲೂ ದೊಡ್ಡವರದ್ದೇ ಮೇಲುಗೈ! ಅದಕ್ಕೇ ನನಗೆ ಆ ದಾರಿ ಅಷ್ಟು ರುಚಿಸುವುದಿಲ್ಲ.

ನಮಗೆ ಮತ ಇಲ್ಲದಿದ್ದರೂ ಗಿರಾಕಿಗಳಿಗೆ ಇದೆ. ಸ್ಥಳೀಯ ಚುನಾವಣೆಗೆ ಬರುವ ಜನ ಕಡಿಮೆ, ಗೆಲುವಿನ ಅಂತರವೂ ಎಷ್ಟೋ ಸಲ ಬೆರಳೆಣಿಕೆಯದು. ಬ್ರಿಟನ್ನಿನಲ್ಲಿ ಮತ ಸಮಸಮ ಬಂದರೆ ಚೀಟಿ ಎತ್ತಿ ಗೆದ್ದವರನ್ನು ಘೋಷಿಸುತ್ತಾರೆ. ಒಬ್ಬ ಗಿರಾಕಿ ಹೆಚ್ಚಿಗೆ ಹೋಗಿದ್ದರೆ ಆ ಚೀಟಿಯೇ ಬೇಕಿರಲಿಲ್ಲ.

ಅಭ್ಯರ್ಥಿ ಕೈ ಮುಗಿದುಕೊಂಡು ಅಂಗಡಿಗೆ ಬಂದಾಗ "ನೀವು ವ್ಯಾಪಾರಿಗಳ ಪರ ಇದ್ದೀರಾ" ಅಂತ ಕೇಳಬೇಡಿ, ಇಲ್ಲ ಅಂತ ಯಾರು ಹೇಳುತ್ತಾರೆ? "ಈ ರಸ್ತೆ ಅಗೆಯೋಕೆ ಎಷ್ಟು ದಿನ ಮುಂಚೆ ನಮಗೆ ತಿಳಿಸುತ್ತೀರಿ, ಮುಚ್ಚುವ ತಾರೀಕು ಬರೆದುಕೊಡುತ್ತೀರಾ" ಅಂತ ಕೇಳಿ. ಅವರು ಏನು ಉತ್ತರ ಕೊಟ್ಟರು ಅನ್ನುವುದನ್ನು ಮುಂದಿನ ಗಿರಾಕಿಗೆ ಸಾಮಾನು ಕಟ್ಟಿಕೊಡುವಾಗ ಹಾಗೇ ಹೇಳಿಬಿಡಿ.