ಮಣ್ಣಿಗೆ ಬೆಳಕು ಹಾಯಿಸಿ ತೋಟದ ತೇವ ನೋಡಿದೆ

ಇದು ಕಾಸರಗೋಡಿನ ಬಾಯಾರಿನಲ್ಲಿರುವ ನಮ್ಮ ಅಡಿಕೆ ತೋಟ. ಮೇಲೆ ಗುಡ್ಡದಲ್ಲಿ ಒಂದು ಸಣ್ಣ ಬಾಯಿ ಕಾಣುತ್ತಿದೆಯಲ್ಲ, ಅದು ಸುರಂಗ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದದ್ದು. ಅಜ್ಜನ ಕಾಲದಲ್ಲಿ ಪಿಕ್ಕಾಸಿನಲ್ಲಿ ಕಡಿದು ಮಾಡಿದ್ದು. ಏಪ್ರಿಲ್‌ನಲ್ಲಿ ಅದರಿಂದ ಬರುವುದು ಇಷ್ಟು ಸಪೂರ ನೀರು. ರಾತ್ರಿಯಿಡೀ ತುಂಬಿದ ಟ್ಯಾಂಕಿ ಸ್ಪ್ರಿಂಕ್ಲರ್ ಹಾಕಿದರೆ ಒಂದೇ ಗಂಟೆಯಲ್ಲಿ ಖಾಲಿ. ಹಾಗಾಗಿ ನೀರು ಇವತ್ತೇ ಬಿಡಬೇಕಾ, ನಾಳೆಯವರೆಗೆ ತಡೆಯುತ್ತದಾ ಅನ್ನುವುದು ನಮಗೆ ದಿನದ ಪ್ರಶ್ನೆ.

ಒದ್ದೆ ಮಣ್ಣು ಕಪ್ಪಗೆ ಕಾಣುತ್ತದೆ, ಅಲ್ವಾ? ಮಣ್ಣಿಗೆ ಬೆಳಕು ಹಾಯಿಸಿ, ತಿರುಗಿ ಬಂದದ್ದನ್ನು ಅಳೆಯುವ ನನ್ನ ಈ ಸೆನ್ಸರ್ ನೋಡುವುದೂ ಅದನ್ನೇ, ಆದರೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ. ತರಂಗಾಂತರ 1450 ನ್ಯಾನೋಮೀಟರ್ ಹತ್ತಿರ ಇರುವ ಬೆಳಕನ್ನು ನೀರು ಚೆನ್ನಾಗಿ ಹೀರುತ್ತದೆ. ಅದನ್ನು ಹಿಡಿಯುವ ಸೆನ್ಸರ್ ದುಬಾರಿ. ಅಗ್ಗದ ಸಿಲಿಕಾನ್ ಸೆನ್ಸರ್‌ಗೆ 1100ರ ಆಚೆ ಏನೂ ಕಾಣುವುದಿಲ್ಲ. ಅದಕ್ಕೆ ನಾನು 970ರ ಎಲ್‌ಇಡಿ ಹಾಕಿದೆ. ಅಲ್ಲೂ ನೀರು ಹೀರುತ್ತದೆ, ಸ್ವಲ್ಪವೇ. ಹೋಲಿಸಿ ನೋಡಲು ಪಕ್ಕದಲ್ಲಿ, ನೀರು ಅಷ್ಟಾಗಿ ಹೀರದ 850ರದ್ದು.

ಮೊದಲ ದಿನ ಅಂಕಿಗಳು ಸುಮ್ನೆ ಕುಣಿದವು. ಸೋಗೆಗಳ ಎಡೆಯಿಂದ ಬಿಸಿಲು ಬಿದ್ದು ಎಲ್ಲ ಹಾಳು. ಕಪ್ಪು ಪೈಪಿನ ತುಂಡೊಂದನ್ನು ಸುತ್ತ ಇಟ್ಟ ಮೇಲೆ ಸರಿಯಾಯಿತು.

ಇನ್ನೊಂದು ತೊಡಕು ನಮ್ಮ ಕೆಂಪು ಮಣ್ಣೇ. ಅದರಲ್ಲಿರುವ ಕಬ್ಬಿಣ 850ರಿಂದ 900ರ ಆಸುಪಾಸಿನಲ್ಲಿ ತಾನೂ ಬೆಳಕು ಹೀರುತ್ತದೆ. ಬೇರೆ ಊರಿನ ಮಣ್ಣಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ಮಣ್ಣನ್ನೇ ತೂಗಿ, ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. 100 ಗ್ರಾಂ ಒಣಗಿ 80 ಆದರೆ ತೇವ 20 ಅಲ್ಲ, ಶೇಕಡಾ 25. ಭಾಗಿಸುವುದು ಒಣ ಮಣ್ಣಿನ ತೂಕದಿಂದ. ನಾನು ಇಲ್ಲಿ ತಪ್ಪಿ, ಸೆನ್ಸರಿನ ಯಾವ ಅಂಕಿಗೆ ಎಷ್ಟು ತೇವ ಅನ್ನುವ ಒಂದಿಡೀ ಪಟ್ಟಿ ಮತ್ತೆ ಬರೆದೆ.

ಈಗ ಮುಖ್ಯ ವಿಷಯ. ಬೆಳಕು ಮಣ್ಣಿನ ಒಳಗೆ ಹೋಗುವುದಿಲ್ಲ. ಮೇಲಿನ ತೆಳು ಪದರವಷ್ಟೇ ಅದಕ್ಕೆ ಕಾಣುವುದು. ಮರ ನೀರು ಕುಡಿಯುವುದು ಕೆಳಗಿಂದ. ಬುಡದ ಸೊಪ್ಪು ಸರಿಸಿ ಸೆನ್ಸರನ್ನು ಮಣ್ಣಿನ ಮೇಲೆ ಇಟ್ಟಾಗ 'ಒಣಗಿದೆ' ಅಂದಿತು. ಹಾರೆಯಲ್ಲಿ ಒಂದು ಅಡಿ ಗುಂಡಿ ತೋಡಿ, ಆಗಷ್ಟೇ ಕೆರೆದ ಗೋಡೆಗೆ ಹಿಡಿದೆ. ಅಲ್ಲಿ ತೇವ ಜಾಸ್ತಿಯೇ ಇತ್ತು. ಅಪ್ಪ ಆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರು. ಉಂಡೆ ಒಡೆಯಲಿಲ್ಲ. "ಇವತ್ತು ಬೇಡ" ಅಂದರು.

ಪಂಪು ಹಾಕಲಿಲ್ಲ. ನಾಳೆ ಬೆಳಿಗ್ಗೆ ಇದೇ ಗುಂಡಿಯ ಗೋಡೆ ಮತ್ತೆ ಕೆರೆದು ನೋಡುತ್ತೇನೆ. ಕೆಳಗಿನ ಗದ್ದೆಯ ಬದಿಯ ಕಪ್ಪು ಮಣ್ಣಿಗೆ ಬೇರೆ ಪಟ್ಟಿ ಬೇಕು, ಆ ಮಣ್ಣು ಇನ್ನೂ ಓವನ್‌ನಲ್ಲಿದೆ.