ಸರಾಸರಿಯಲ್ಲಿ ಕಾಣದ ಸಾವುಗಳು

ಕೇಳುಗರಿಗೆಲ್ಲ ನಮಸ್ಕಾರ.

2018ರಿಂದ 2020ರವರೆಗಿನ ಒಂದು ಲೆಕ್ಕ ಹೇಳ್ತೀನಿ. ಒಂದು ಲಕ್ಷ ಮಕ್ಕಳು ಜೀವಂತವಾಗಿ ಹುಟ್ಟುವಷ್ಟರಲ್ಲಿ ಎಷ್ಟು ತಾಯಂದಿರು ಬಸಿರು, ಹೆರಿಗೆ, ಬಾಣಂತನದಲ್ಲಿ ಜೀವ ಬಿಟ್ಟರು ಅನ್ನುವ ಲೆಕ್ಕ. ದೇಶದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19.

ದೇಶಕ್ಕಿಂತ ನಾವು ಮೇಲು ಅಂತ ಸಮಾಧಾನ ಆಗಬಹುದು. ಆದರೆ ಆ 69ರಲ್ಲಿ ಯಾದಗಿರಿ ಎಲ್ಲಿದೆ? ಚಿಂಚೋಳಿ, ಔರಾದ್ ಎಲ್ಲಿವೆ? ಕಾಣೋದಿಲ್ಲ. ಈ ಲೆಕ್ಕ ಬಂದಿದ್ದು ಆಯ್ದ ಜಾಗಗಳಲ್ಲಿ ನಡೆಯುವ ಮಾದರಿ ಸಮೀಕ್ಷೆಯಿಂದ. ತಾಯಂದಿರ ಸಾವನ್ನು ಅದು ಜಿಲ್ಲೆವಾರು ಹೇಳೋದಿಲ್ಲ. ಮಂಗಳೂರಿನ ತಾಯಿ, ಸುರಪುರದ ತಾಯಿ ಇಬ್ಬರೂ ಒಂದೇ ಸರಾಸರಿಯೊಳಗೆ ಸೇರಿಹೋಗುತ್ತಾರೆ. ಅವರಿಬ್ಬರ ಬದುಕು ಒಂದೇ ಏನು? 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88 ಜನ ಅಕ್ಷರಸ್ಥರು, ಯಾದಗಿರಿಯಲ್ಲಿ 52ಕ್ಕೂ ಕಡಿಮೆ. ರಾಜ್ಯದ ಪ್ರಾದೇಶಿಕ ಅಸಮಾನತೆಯ ಅಧ್ಯಯನ ಮಾಡಿದ ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅದರಲ್ಲಿ 21 ಆಗಿನ ಗುಲಬರ್ಗಾ, ಅಂದರೆ ಈಗಿನ ಕಲಬುರಗಿ ವಿಭಾಗದವು.

ಚಿಂಚೋಳಿ ಕಡೆಯ ಒಂದು ತಾಂಡಾದಲ್ಲಿ ಹೆರಿಗೆ ಆಗ್ತಿದೆ ಅಂದುಕೊಳ್ಳಿ. ಹುಡುಗಿಗೆ ಸಣ್ಣ ವಯಸ್ಸಿಗೇ ಮದುವೆ ಆಗಿದೆ. ಮೈಯಲ್ಲಿ ರಕ್ತ ಮೊದಲೇ ಕಡಿಮೆ. ಬಸುರಿಯರಿಗೆ ಕಬ್ಬಿಣಾಂಶದ 180 ಗುಳಿಗೆ ಕೊಡ್ತಾರೆ. ನಾಲ್ಕು ನುಂಗಿದಳು, ಹೊಟ್ಟೆ ತೊಳೆಸಿತು, ಬಿಟ್ಟುಬಿಟ್ಟಳು. ಊಟದ ಜೊತೆ ತಗೋ, ಕಡಿಮೆ ಆಗುತ್ತೆ ಅಂತ ಪಕ್ಕದಲ್ಲಿ ಕೂತು ಹೇಳುವವರು ಬೇಕಿತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಹೀಗೆ ಹರಿದರೆ ಎರಡೇ ಗಂಟೆಯಲ್ಲಿ ಜೀವ ಹೋಗಬಹುದು. ರಕ್ತ ಕಡಿಮೆ ಇದ್ದವಳಿಗೆ ಅಷ್ಟು ಹೊತ್ತೂ ಸಿಗೋದಿಲ್ಲ.

ದವಾಖಾನೆಗೆ ಹೋಗೋಣ ಅಂತ ಯಾರು ಹೇಳಬೇಕು? ಗಂಡ ಮುಂಬೈಯಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಅತ್ತೆ ಇನ್ನೊಂದು ತಾಸು ನೋಡೋಣ ಅಂದಳು. 108ಕ್ಕೆ ಫೋನ್ ಮಾಡಿದರೂ ತಾಂಡಾದ ದಾರಿ ಕೆಟ್ಟಿದೆ. ತಾಲ್ಲೂಕು ಆಸ್ಪತ್ರೆ ಮುಟ್ಟಿದರೆ ಅಲ್ಲಿ ಅವಳ ಗುಂಪಿನ ರಕ್ತ ಇಲ್ಲ, ಕಲಬುರಗಿಗೆ ಒಯ್ಯಿರಿ ಅಂದರು. ಮನಸ್ಸು ಮಾಡಲು ತಡ, ಮುಟ್ಟಲು ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ತಡ. ಸಂಶೋಧಕರು 1994ರಲ್ಲೇ ಈ ಮೂರು ತಡಗಳನ್ನು ವಿವರಿಸಿದ್ದಾರೆ. ಅವಳು ತೀರಿಕೊಂಡರೆ ಕಾಗದದಲ್ಲಿ ಸಾವಿನ ಕಾರಣ 'ರಕ್ತಸ್ರಾವ' ಅಂತಷ್ಟೇ ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ರಸ್ತೆ, ಗುಳೆ, ಸಣ್ಣ ವಯಸ್ಸಿನ ಮದುವೆ, ಇವು ಯಾವುವೂ ಆ ಕಾಗದದಲ್ಲಿ ಇರೋದಿಲ್ಲ.

ಸಾವಿನ ಈ ಅಂತರ ಕಡುಬಡವರಿಗಷ್ಟೇ ಸಂಬಂಧಿಸಿದ್ದಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದರು. ಎಲ್ಲರಿಗೂ ಸಂಬಳ ಇತ್ತು, ಚಿಕಿತ್ಸೆ ಉಚಿತ. ಆದರೂ ಕೆಳದರ್ಜೆಯ ನೌಕರರಲ್ಲಿ ಹೃದಯ ಕಾಯಿಲೆಯ ಸಾವು ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಬೀಡಿ, ಸಿಗರೇಟಿನ ಲೆಕ್ಕ ತೆಗೆದರೂ ಅಂತರ ಪೂರ್ತಿ ಹೋಗಲಿಲ್ಲ. ಅಲ್ಲೇ ಹಾಗಾದರೆ, ಬೇಸಿಗೆಯ ಬಿಸಿಲಲ್ಲಿ ಕಲ್ಲು ಹೊರುವ ನಮ್ಮವರ ಗತಿ ಏನು?

ಇನ್ನೊಂದು ಮಾತು. ಕಾನೂನಿನ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಆಳಂದದ ಕೂಲಿ ಹೆಂಗಸು ಪುಣೆಯಲ್ಲಿ ತೀರಿಕೊಂಡರೆ ಅವಳ ಹೆಸರು ಪುಣೆಯ ಪುಸ್ತಕಕ್ಕೆ ಹೋಗುತ್ತದೆ. ಅವಳನ್ನು ಊರು ಬಿಡಿಸಿದ ಬರ ಕಲಬುರಗಿ ಜಿಲ್ಲೆಯದು, ಆದರೆ ಇಲ್ಲಿನ ಲೆಕ್ಕದಲ್ಲಿ ಅವಳಿಲ್ಲ. ನನಗೆ ಇದು ತುಂಬ ನೋವಿನ ಸಂಗತಿ.

ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಿ. ಹಸುಗೂಸು ಅಂತ ಸುಮ್ನೆ ಬಿಡಬೇಡಿ. ಬಸುರಿ, ಬಾಣಂತಿ ತೀರಿಕೊಂಡರೆ ಆರೋಗ್ಯ ಇಲಾಖೆಯವರು ವಿಚಾರಣೆ ಮಾಡಬೇಕು ಅನ್ನುವ ನಿಯಮವಿದೆ. ಅವರು ಬಂದಾಗ ಹಣೆಬರಹ ಅಂದು ಕಳಿಸಬೇಡಿ. ನೋವು ಎಷ್ಟೊತ್ತಿಗೆ ಶುರುವಾಯಿತು, ಗಾಡಿ ಎಷ್ಟೊತ್ತಿಗೆ ಬಂತು, ಎಲ್ಲಿಂದ ಎಲ್ಲಿಗೆ ಕಳಿಸಿದರು, ಎಲ್ಲವನ್ನೂ ಹೇಳಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಹೋದ ವರ್ಷ ನಮ್ಮ ಪಂಚಾಯಿತಿಯಲ್ಲಿ ಎಷ್ಟು ಬಾಣಂತಿಯರು, ಎಷ್ಟು ಕೂಸುಗಳು ತೀರಿಕೊಂಡವು? ಯಾವ ಓಣಿ, ಯಾವ ತಾಂಡಾದವು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ನಮಸ್ಕಾರ.